ದಾರಿಯಲ್ಲಿ ಗಾಡಿ ತಡೆದಾಗ

ಪರಿಗಿಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿರುವ ನಮ್ಮ ಹಿರಿಯ ಬಂಧುಗಳೊಬ್ಬರು 2024ರ ಏಪ್ರಿಲ್‌ನಲ್ಲಿ ಮಧುಗಿರಿ, ಕೊರಟಗೆರೆ ಕಡೆಯ ಚಿಲ್ಲರೆ ಅಂಗಡಿಗಳಿಂದ ಬಾಕಿ ವಸೂಲಿ ಮಾಡಿಕೊಂಡು ಊರಿಗೆ ಮರಳುತ್ತಿದ್ದರು. ಲೋಕಸಭಾ ಚುನಾವಣೆಯ ಕಾಲ. ಗಡಿಯ ಹತ್ತಿರ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆಸಿದರು, ಕೈಚೀಲ ಬಿಚ್ಚಿಸಿದರು. ಚೀಲದಲ್ಲಿ 1,86,000 ರೂಪಾಯಿ ನಗದು. "ಯಜಮಾನರೇ, ಇದಕ್ಕೆ ಲೆಕ್ಕ ಎಲ್ಲಿ?" ಎಂದು ಕೇಳಿದಾಗ ಇವರ ಬಳಿ ತೋರಿಸಲು ಏನೂ ಇರಲಿಲ್ಲ. ವಸೂಲಿ ಪುಸ್ತಕ ಅಂಗಡಿಯಲ್ಲಿ ಗುಮಾಸ್ತನ ಹತ್ತಿರ ಇತ್ತು. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮಾಡಬೇಕೆಂದು ಹೊರಟಿದ್ದವರು ರಸ್ತೆಯ ಪಕ್ಕದ ಕಲ್ಲುಬೆಂಚಿನ ಮೇಲೆ ರಾತ್ರಿ ಎಂಟರವರೆಗೆ ಕುಳಿತರು. ಕೊನೆಗೆ ಹಣ ಅಲ್ಲಿಯೇ ಬಿಟ್ಟು, ಕೊಟ್ಟ ಚೀಟಿ ಹಿಡಿದು, ಬರಿ ಹೊಟ್ಟೆಯಲ್ಲಿ ಮನೆಗೆ ಬಂದರು. ಬರುವ ಮೊದಲು ಎರಡು ಖಾಲಿ ಹಾಳೆಗಳ ಮೇಲೆ ಸಹಿಯನ್ನೂ ಹಾಕಿ ಬಂದಿದ್ದರು.

ಈ ಸಂಗತಿಯನ್ನು ಕೇಳಿದ ಮೇಲೆ ನಾವು ವಕೀಲ ಮಿತ್ರರೊಡನೆ ಕುಳಿತು, ದಾರಿಯಲ್ಲಿ ಗಾಡಿ ತಡೆದಾಗ ಯಾರಿಗೆ ಏನು ಅಧಿಕಾರವಿದೆ ಎಂಬುದನ್ನು ಕೇಳಿ ತಿಳಿದುಕೊಂಡೆವು. ಪರಿಗಿ, ಹಿಂದೂಪುರ, ಮಡಕಶಿರದ ಕಡೆ ಸ್ವಲ್ಪ ದೂರ ಹೋದರೆ ರಾಜ್ಯವೇ ಬದಲಾಗುತ್ತದೆ. ಹೆಣ್ಣು ಕೊಟ್ಟದ್ದು ಒಂದು ರಾಜ್ಯ, ಅಂಗಡಿ ಇನ್ನೊಂದು ರಾಜ್ಯ. ಆದ್ದರಿಂದ ಈ ವಿಷಯ ನಮ್ಮವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು.

ಮೊದಲು ತಿಳಿಯಬೇಕಾದದ್ದು, ಕಾಗದಪತ್ರ ನೋಡುವುದು ಬೇರೆ, ಗಾಡಿಯನ್ನು ಶೋಧಿಸುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಚಾಲಕ ಲೈಸೆನ್ಸ್ ತೋರಿಸಲೇಬೇಕು. 132ನೇ ಕಲಮಿನ ಪ್ರಕಾರ ಗಾಡಿ ಅಪಘಾತದಲ್ಲಿ ಸಿಕ್ಕಿದ್ದಾಗ ಸಮವಸ್ತ್ರದಲ್ಲಿರುವ, ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಹೇಳಿದರೆ ಗಾಡಿ ನಿಲ್ಲಿಸಲೇಬೇಕು. ಕೈ ಮಾಡಿದವರು ಪೇದೆಯೋ ಸಬ್ ಇನ್ಸ್‌ಪೆಕ್ಟರೋ ಎಂದು ಓಡುವ ಗಾಡಿಯಲ್ಲಿ ಕುಳಿತು ಲೆಕ್ಕ ಹಾಕುವುದು ಬುದ್ಧಿವಂತಿಕೆಯಲ್ಲ, ನಿಲ್ಲಿಸಿಬಿಡಿ. ಕಾಗದಗಳು ಕೈಯಲ್ಲೇ ಇರಬೇಕೆಂದೂ ಇಲ್ಲ. 2018ರ ತಿದ್ದುಪಡಿಯ ನಂತರ ಡಿಜಿಲಾಕರ್, ಎಂ-ಪರಿವಾಹನ್‌ಗಳಲ್ಲಿ ತೋರಿಸಿದರೂ ನಡೆಯುತ್ತದೆ. ಕರ್ನಾಟಕದಲ್ಲಿ 2022ರ ಜೂನ್‌ನಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಸಂಚಾರ ತಪ್ಪು ಇಲ್ಲದೆ ಬರಿ ಕಾಗದ ನೋಡಲು ಗಾಡಿ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ಇದು ಅನ್ವಯಿಸದು ಎಂದು ಸೂಚನೆ ಕೊಟ್ಟಿದ್ದರು. ಅದು ಆ ರಾಜ್ಯದ ಇಲಾಖೆಯ ಸೂಚನೆ; ಗಡಿ ದಾಟಿದ ಮೇಲೆ ಅದನ್ನು ಹೇಳಿ ವಾದಿಸಿದರೆ ಪ್ರಯೋಜನವಿಲ್ಲ.

ಲೈಸೆನ್ಸ್ ಕೇಳುವ ಈ ಕಲಮುಗಳಲ್ಲಿ ಡಿಕ್ಕಿ ತೆಗೆಸುವ, ಪೆಟ್ಟಿಗೆ ಬಿಚ್ಚಿಸುವ ಅಧಿಕಾರ ಬರುವುದಿಲ್ಲ. ಅದಕ್ಕೆ ಬೇರೆ ಕಾನೂನಿದೆ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ 'ಸ್ಥಳ' ಎಂದರೆ ಮನೆ, ಕಟ್ಟಡ, ಡೇರೆ ಮಾತ್ರವಲ್ಲ, ವಾಹನವೂ ಸೇರುತ್ತದೆ. 185ನೇ ಕಲಮಿನಂತೆ (ಹಿಂದಿನ 165) ವಾರಂಟ್ ಇಲ್ಲದೆ ಶೋಧಿಸಬೇಕಾದರೆ ಠಾಣಾಧಿಕಾರಿ ಅಥವಾ ತನಿಖಾಧಿಕಾರಿಗೆ ಒಂದು ಅಪರಾಧದ ತನಿಖೆಗೆ ಬೇಕಾದ ವಸ್ತು ಅಲ್ಲಿದೆ ಎಂದು ನಂಬಲು ಕಾರಣವಿರಬೇಕು. ತಡಮಾಡದೆ ಬೇರೆ ದಾರಿಯಲ್ಲಿ ಅದು ಸಿಗುವಂತಿರಬಾರದು. ಆ ಕಾರಣವನ್ನು ಮೊದಲೇ ಬರೆದಿಡಬೇಕು. ಬರೆದದ್ದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಶೋಧನೆಗೆ ಒಳಗಾದವರು ಅರ್ಜಿ ಕೊಟ್ಟರೆ ಉಚಿತವಾಗಿ ಪ್ರತಿ ಕೊಡಬೇಕು. ಹೊಸ ಕಾನೂನಿನಲ್ಲಿ ಇಡೀ ಶೋಧನೆಯನ್ನು ಮೊಬೈಲ್ ಮುಂತಾದುವುಗಳಲ್ಲಿ ಧ್ವನಿ-ದೃಶ್ಯ ಚಿತ್ರೀಕರಣ ಮಾಡಬೇಕೆಂದೂ ಇದೆ. ಇದು ನಮ್ಮಂಥವರಿಗೆ ಬಹಳ ಒಳ್ಳೆಯದಾಯಿತು ಎಂದೇ ನಮ್ಮ ಅಭಿಪ್ರಾಯ. ಇನ್ನು ಕಳವಿನ ಮಾಲು ಎಂದು ಸಂಶಯ ಬಂದದ್ದನ್ನು, ಅಪರಾಧದ ಅನುಮಾನ ಹುಟ್ಟಿಸುವಂತೆ ಸಿಕ್ಕಿದ್ದನ್ನು ವಶಪಡಿಸಿಕೊಳ್ಳುವ ಅಧಿಕಾರ 106ನೇ ಕಲಮಿನಲ್ಲಿ ಇದೆ. ಅದನ್ನೂ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು.

ಹಾಗಾದರೆ ನಾಕಾಬಂದಿಯಲ್ಲಿ ಸಾಲಾಗಿ ನಿಲ್ಲಿಸಿ ಎಲ್ಲರ ಡಿಕ್ಕಿ ತೆಗೆಸುತ್ತಾರಲ್ಲ? ಅದು ಬಹುಮಟ್ಟಿಗೆ ನಾವೇ ಒಪ್ಪಿ ತೆಗೆದು ತೋರಿಸುವ ತಪಾಸಣೆ. ತೋರಿಸಿದರೆ ತಪ್ಪೇನೂ ಇಲ್ಲ. ಆದರೆ ಸೀಲು ಒಡೆಯುವುದು, ಪೆಟ್ಟಿಗೆ ಬಿಚ್ಚುವುದು, ಒಡವೆಯ ಡಬ್ಬಿಗೆ ಕೈಹಾಕುವುದು ಎಂದಾಗ ಯಾವ ಕಾರಣಕ್ಕೆ, ಯಾವ ಕಲಮಿನಲ್ಲಿ ಎಂದು ವಿನಯದಿಂದ ಕೇಳುವ ಹಕ್ಕು ಇದೆ. ಶೋಧನೆಗೆ ಊರಿನ ಇಬ್ಬರು ಸ್ವತಂತ್ರ, ಗೌರವಸ್ಥ ಪಂಚರು ಇರಬೇಕು. ಗಾಡಿಯಲ್ಲಿದ್ದವರು ಶೋಧನೆಯ ಹೊತ್ತಿಗೆ ಅಲ್ಲಿಯೇ ನಿಂತಿರಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ, ಪಂಚರ ಸಹಿ ಹಾಕಿಸಿ, ಒಂದು ಪ್ರತಿ ಅವರಿಗೆ ಕೊಡಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ, ಮಾನಕ್ಕೆ ಕುಂದು ಬಾರದಂತೆ ಮಾಡಬೇಕು.

ಪಂಚರ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಬಜಾರಿನ ಅಂಗಡಿಯವರು ಎಂದರೆ ನಮ್ಮವರನ್ನೇ ಪಂಚರಾಗಿ ಕರೆಯುವುದು ಹೆಚ್ಚು. ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂದು ತಪ್ಪಿಸಿಕೊಳ್ಳುವವರೂ ಹೆಚ್ಚು. ಲಿಖಿತ ಆದೇಶ ಕೊಟ್ಟು ಕರೆದಾಗ ಸರಿಯಾದ ಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಆದರೆ ಕಣ್ಣಾರೆ ಕಾಣದ ಮಹಜರಿಗೆ ಸಂಜೆ ಅಂಗಡಿಯಲ್ಲಿ ಕುಳಿತೇ ಸಹಿ ಹಾಕಿಕೊಡುವ ಉಪಕಾರವೂ ಬೇಡ. ಸತ್ಯಾಣುವ್ರತ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವ್ಯಾಪಾರಿಗಳಿಗೆ ನಿಜವಾಗಿ ದಿನನಿತ್ಯ ಎದುರಾಗುವುದು ಸರಕಿನ ತಪಾಸಣೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಹಳೆಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಬದಲಿಗೆ 2018ರ ಏಪ್ರಿಲ್ 1ರಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ 50,000 ರೂಪಾಯಿಗೆ ಮೀರಿದ ಸರಕಿಗೆ ಇ-ವೇ ಬಿಲ್ ಬಂತು. ಸರಕು ಲಾರಿಯನ್ನು ತಡೆದು ಬಿಲ್ಲಿಗೂ ಮಾಲಿಗೂ ತಾಳೆ ನೋಡುವ ಅಧಿಕಾರ ಜಿಎಸ್‌ಟಿ ಕಾಯ್ದೆಯ 68ನೇ ಕಲಮಿನಲ್ಲಿದೆ. ಅದು ತೆರಿಗೆ ಇಲಾಖೆಯ ನಿಯುಕ್ತ ಅಧಿಕಾರಿಗೆ ಇರುವ ಅಧಿಕಾರ, ಟ್ರಾಫಿಕ್ ಪೇದೆಗಲ್ಲ. ತಪಾಸಣೆಯ ಸಂಕ್ಷಿಪ್ತ ವರದಿಯನ್ನು 24 ಗಂಟೆಯೊಳಗೆ, ಅಂತಿಮ ವರದಿಯನ್ನು ಮೂರು ದಿನದೊಳಗೆ ಆನ್‌ಲೈನಿನಲ್ಲಿ ಹಾಕಬೇಕು. ಒಮ್ಮೆ ಮಾಲು ಇಳಿಸಿ ನೋಡಿದ ಮೇಲೆ ಅದೇ ಪ್ರಯಾಣದಲ್ಲಿ, ತೆರಿಗೆ ವಂಚನೆಯ ಖಚಿತ ಮಾಹಿತಿ ಬಾರದ ಹೊರತು, ಇನ್ನೊಮ್ಮೆ ಇಳಿಸಿ ನೋಡುವಂತಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಅದನ್ನು ದಾಖಲಿಸಲು ಸಾಗಣೆದಾರನಿಗೇ ಒಂದು ಫಾರಂ ಇದೆ, ಇಡಬ್ಲ್ಯುಬಿ-04 ಎಂದು. ಅದನ್ನು ತುಂಬಿದ ನಮ್ಮವರನ್ನು ನಾವು ಈವರೆಗೆ ಕಂಡಿಲ್ಲ!

ತಪ್ಪು ನಡೆದರೆ 129ನೇ ಕಲಮಿನಂತೆ ಮಾಲೀಕನೇ ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡ. ಆದರೆ ಗಾಡಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದು, ಹೆಸರಿನ ಕಾಗುಣಿತ ತಪ್ಪಿದ್ದು ಇಂಥ ಸಣ್ಣ ತಪ್ಪುಗಳಿಗೆ ಅಷ್ಟು ದಂಡ ಹಾಕಬಾರದು, ರಾಜ್ಯಕ್ಕೂ ಕೇಂದ್ರಕ್ಕೂ ತಲಾ 500 ರೂಪಾಯಿ ಸಾಕು ಎಂದು 2018ರ ಸೆಪ್ಟೆಂಬರ್ ಸುತ್ತೋಲೆಯಲ್ಲಿದೆ.

ಈ ವಿಷಯದಲ್ಲಿ ನೆರೆಯ ತೆಲಂಗಾಣದ ಒಂದು ಮೊಕದ್ದಮೆ ಎಲ್ಲ ವ್ಯಾಪಾರಿಗಳೂ ನೆನಪಿನಲ್ಲಿಡುವಂಥದು. 2020ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಶಿವಂ ಪೇಪರ್ಸ್ ಸಂಸ್ಥೆಯ ಕಾಗದದ ಸರಕು ಆಟೋ ಟ್ರಾಲಿಯಲ್ಲಿ ಹೊರಟಿತ್ತು. ದಾರಿಯಲ್ಲಿ ಮೆರವಣಿಗೆಯಿಂದಾಗಿ ತಡವಾಯಿತು. ತಲುಪುವ ಹೊತ್ತಿಗೆ ಖರೀದಿದಾರರ ಅಂಗಡಿ ಮುಚ್ಚಿತ್ತು. ಚಾಲಕ ಸರಕನ್ನು ಮನೆಗೆ ಒಯ್ದು ಮತ್ತೆ ಹೊರಟಾಗ ಇ-ವೇ ಬಿಲ್ಲಿನ ಅವಧಿ ಮುಗಿದಿತ್ತು. ಅಧಿಕಾರಿ ಸರಕು ಹಿಡಿದು, ಇಲಾಖೆಯ ಜಾಗದಲ್ಲಿಡದೆ ತನ್ನ ಸಂಬಂಧಿಕರ ಮನೆಯಲ್ಲಿ ಇರಿಸಿದರು. ಸಂಸ್ಥೆ ತೆರಿಗೆ, ದಂಡ ಸೇರಿ 69,000 ರೂಪಾಯಿ ಕಟ್ಟಿ ಬಿಡಿಸಿಕೊಂಡು ಕೋರ್ಟಿಗೆ ಹೋಯಿತು. ಅವಧಿ ಮುಗಿದ ಮಾತ್ರಕ್ಕೆ ತೆರಿಗೆ ವಂಚನೆ ಎಂದು ಊಹಿಸುವಂತಿಲ್ಲ ಎಂದ ಹೈಕೋರ್ಟು ಹಣ ವಾಪಸು ಕೊಡಿಸಿ 10,000 ರೂಪಾಯಿ ಖರ್ಚು ವಿಧಿಸಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋದಾಗ, 2022ರ ಜನವರಿಯಲ್ಲಿ ಆ ನ್ಯಾಯಾಲಯ ಅದರ ಮೇಲೆ ಇನ್ನೂ 59,000 ಸೇರಿಸಿತು. ದುಡ್ಡು ದೊಡ್ಡದಲ್ಲ, ಆದರೆ ಹಟ ಹಿಡಿದು ಹೋದ ಆ ವ್ಯಾಪಾರಿಯನ್ನು ನಾವು ಮೆಚ್ಚುತ್ತೇವೆ.

ನಮ್ಮ ಪಾಲಿನ ಮಾತನ್ನೂ ಆಡಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ 'ವಿರುದ್ಧರಾಜ್ಯಾತಿಕ್ರಮ'ವೂ ಒಂದು. ರಾಜ್ಯದ ಕಟ್ಟಳೆ ಮೀರಿ ಸರಕು ಸಾಗಿಸುವುದು ಅದರಲ್ಲಿ ಬರುತ್ತದೆ. ಬಿಲ್ಲಿಲ್ಲದೆ ನಾಲ್ಕು ಗಂಟು ಬಟ್ಟೆ ಸೀಟಿನ ಕೆಳಗೆ ತಂದು, ಹಿಡಿದಾಗ ಹಕ್ಕಿನ ಮಾತೆತ್ತುವವರಿಗೆ ಈ ಲೇಖನದಿಂದ ಏನೂ ಉಪಯೋಗವಿಲ್ಲ. ಶೋಧನೆಯ ಕ್ರಮ ತಪ್ಪಿದ್ದರೂ ಸಿಕ್ಕ ಮಾಲು ಅಷ್ಟರಿಂದಲೇ ಸಾಕ್ಷ್ಯವಲ್ಲದೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಪೂರಣಮಲ್ ಮೊಕದ್ದಮೆಯಲ್ಲಿ 1973ರಷ್ಟು ಹಿಂದೆಯೇ ಹೇಳಿದೆ.

ಮಾದಕ ವಸ್ತುಗಳ ಕಾನೂನು ಮಾತ್ರ ಇನ್ನೂ ಬಿಗಿ, ಶಿಕ್ಷೆ ದೊಡ್ಡದಾದ್ದರಿಂದ ಕ್ರಮವೂ ಬಿಗಿ. ಬೂಟಾ ಸಿಂಗ್ ಮೊಕದ್ದಮೆಯಲ್ಲಿ (2021) ರಸ್ತೆಯಲ್ಲಿ ನಿಂತ ಖಾಸಗಿ ಜೀಪು 'ಸಾರ್ವಜನಿಕ ಸ್ಥಳ' ಅಲ್ಲ, ಸಿಕ್ಕ ಮಾಹಿತಿಯನ್ನು ಮೊದಲೇ ಬರೆದಿಡದೆ ಶೋಧಿಸಿದ್ದು ತಪ್ಪು ಎಂದು ಆರೋಪಿಗಳನ್ನು ಬಿಟ್ಟರು. ನಮ್ಮ ಮನೆಗಳಿಗೆ ಈ ಪ್ರಸಂಗ ಬರುವುದು ಬಾಡಿಗೆ ಚಾಲಕರಿಂದ. ಮದ್ಯದ ವಿಷಯದಲ್ಲಿಯೂ ಅಷ್ಟೆ. 2020ರ ಮೇಯಲ್ಲಿ ಆಂಧ್ರದಲ್ಲಿ ವಿಶೇಷ ಜಾರಿ ದಳ ರಚನೆಯಾದಾಗ ಕರ್ನಾಟಕದ ಮದ್ಯಕ್ಕಾಗಿ ಗಡಿಯಲ್ಲಿ ಗಾಡಿಗಳನ್ನು ಹುಡುಕುತ್ತಿದ್ದರು. 2024ರಲ್ಲಿ ಆ ದಳವನ್ನು ರದ್ದು ಮಾಡಿದರೂ ಅಬಕಾರಿ ಕಾನೂನು ಹಾಗೆಯೇ ಇದೆ. ಚಾಲಕ ಸೀಟಿನ ಹಿಂದೆ ಬಚ್ಚಿಟ್ಟ ಬಾಟಲಿಗೆ ನಿಮ್ಮ ಗಾಡಿ ಠಾಣೆಯಲ್ಲಿ ನಿಲ್ಲುತ್ತದೆ. ಹೊರಡುವ ಮೊದಲು ನೀವೇ ಒಮ್ಮೆ ಡಿಕ್ಕಿ ತೆಗೆದು ನೋಡಿ.

ನಿಂತ ಗಾಡಿಯನ್ನು ಬಿಡಿಸಿಕೊಳ್ಳಲು ತಡಮಾಡಬೇಡಿ. ಠಾಣೆಯ ಮುಂದೆ ಬಿಸಿಲು ಮಳೆಗೆ ವಾಹನಗಳನ್ನು ಕೊಳೆಯಲು ಬಿಡಬಾರದು, ಫೋಟೋ ತೆಗೆದು ಮುಚ್ಚಳಿಕೆ ಬರೆಸಿಕೊಂಡು ಮಾಲೀಕರಿಗೆ ಕೊಡಬೇಕು ಎಂದು ಸುಂದರ್‌ಭಾಯಿ ದೇಸಾಯಿ ಮೊಕದ್ದಮೆಯಲ್ಲಿ (2002) ಸುಪ್ರೀಂ ಕೋರ್ಟು ಹೇಳಿದೆ.

ಚುನಾವಣೆಯ ಕಾಲದ ನಗದಿಗೆ ಬರೋಣ. 50,000ಕ್ಕೆ ಮೀರಿದ ಹಣ ಕೊಂಡೊಯ್ಯುವುದೇ ಅಪರಾಧ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಆಯೋಗದ ಕಾರ್ಯವಿಧಾನದಲ್ಲಿ ಆ ಮಿತಿ ಹೇಳಿರುವುದು ಅಭ್ಯರ್ಥಿ, ಅವರ ಏಜೆಂಟರು, ಪಕ್ಷದ ಕಾರ್ಯಕರ್ತರು ಇರುವ ಗಾಡಿಗಳಿಗೆ. ಸಂಶಯವೇನೂ ಇಲ್ಲದ ಹಣ 10 ಲಕ್ಷ ಮೀರಿದರೆ ಆದಾಯ ತೆರಿಗೆಯವರಿಗೆ ತಿಳಿಸುತ್ತಾರೆ. ತಪಾಸಣೆ ಮ್ಯಾಜಿಸ್ಟ್ರೇಟರ ಸಮಕ್ಷಮ, ವಿಡಿಯೋ ಚಿತ್ರೀಕರಣದೊಡನೆ ನಡೆಯಬೇಕು. ಹೆಂಗಸರ ಪರ್ಸನ್ನು ಮಹಿಳಾ ಅಧಿಕಾರಿಯೇ ನೋಡಬೇಕು. ಹಿಡಿದ ಹಣದ ವಿಚಾರಣೆಗೆ ಜಿಲ್ಲೆಯಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಹಾಗೆಂದು ಲೆಕ್ಕವಿಲ್ಲದೆ ಹೋಗಬಹುದೆಂದಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ನಿಯಮ 2017ರಿಂದ ಇದೆ.

ನಮ್ಮ ಬಂಧುಗಳು ಆ ಸಮಿತಿಯ ಮುಂದೆಯೇ ಹೋದರು. ವಸೂಲಿ ಪುಸ್ತಕ, ಕಿರ್ದಿ, ಬಿಲ್ಲುಗಳ ಪ್ರತಿ, ಹಣ ಕೊಟ್ಟ ಅಂಗಡಿಯವರ ಚೀಟಿಗಳನ್ನು ಜೋಡಿಸಿ ಕೊಟ್ಟರು. ಹನ್ನೊಂದನೆಯ ದಿನ ಪೂರ್ತಿ ಹಣ ಮರಳಿ ಬಂತು. ಅಷ್ಟರಲ್ಲಿ ಊರಿನಲ್ಲಿ ಚುನಾವಣೆಯ ಹಣ ಸಾಗಿಸುತ್ತಿದ್ದರೆಂದು ಮಾತು ಹರಡಿ, ಬಸದಿಯಲ್ಲಿಯೂ ಒಬ್ಬಿಬ್ಬರು ಕೇಳಿದರಂತೆ. ಈಗ ಅವರ ಕಾರಿನಲ್ಲಿ ಒಂದು ರೆಕ್ಸಿನ್ ಚೀಲದಲ್ಲಿ ವಸೂಲಿ ಪುಸ್ತಕದ ನಕಲು ಯಾವಾಗಲೂ ಇರುತ್ತದೆ. ಹಣ ಪಡೆಯಲು ಹೋದ ದಿನ ಆ ಎರಡು ಖಾಲಿ ಹಾಳೆಗಳ ವಿಷಯ ಕೇಳಿದರು. ಅಂಥ ಹಾಳೆ ಯಾವುದೂ ಕಡತದಲ್ಲಿಲ್ಲ ಎಂದು ಹೇಳಿ ಕಳಿಸಿದರು.