ಮನೆಯಂಗಳದ ಯುದ್ಧವಿಮಾನ: ಗ್ರಾಹಕನೇ ತಯಾರಕನಾಗುವ ಉದ್ಯಮ

ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಯುದ್ಧವಿಮಾನಗಳು ಒಂದು ಕಾಲಕ್ಕೆ ಕಾರ್ಖಾನೆಗಳಿಂದ ಸಾವಿರಗಳ ಲೆಕ್ಕದಲ್ಲಿ ಹೊರಬಂದವು. 1936ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಸ್ಪಿಟ್‌ಫೈರ್ 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಿರ್ಮಾಣಗೊಂಡಿತು. ಅಮೆರಿಕದ ಪಿ-51 ಮಸ್ಟಾಂಗ್ 15,000ವನ್ನು ಮೀರಿತು. ಇಂದು ಹಾರುವ ಸ್ಥಿತಿಯಲ್ಲಿ ಉಳಿದಿರುವವು ಅತ್ಯಲ್ಪ. ಅವುಗಳ ಬೆಲೆ ಹತ್ತಾರು ಲಕ್ಷ ಡಾಲರುಗಳು. ಬೇಡಿಕೆ ಮತ್ತು ಪೂರೈಕೆಗಳ ನಡುವಣ ಈ ಅಂತರವೇ ಒಂದು ವಿಶಿಷ್ಟ ಕಿರು ಉದ್ಯಮಕ್ಕೆ ದಾರಿ ಮಾಡಿಕೊಟ್ಟಿತು. ಹಳೆಯ ವಿಮಾನದ ಪ್ರತಿಕೃತಿಯನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಮಾರುವುದು, ಗ್ರಾಹಕನು ಅದನ್ನು ತನ್ನ ಮನೆಯಲ್ಲಿಯೇ ಕಟ್ಟಿಕೊಳ್ಳುವುದು ಇದರ ಕ್ರಮ.

ಆಸ್ಟ್ರೇಲಿಯಾದಲ್ಲಿ ಆರಂಭವಾದ ಸೂಪರ್‌ಮರೀನ್ ಏರ್‌ಕ್ರಾಫ್ಟ್ ಸಂಸ್ಥೆಯು ಸ್ಪಿಟ್‌ಫೈರನ್ನು ಶೇ. 80 ಮತ್ತು ಶೇ. 90ರ ಅಳತೆಗಳಲ್ಲಿ ರೂಪಿಸಿತು. ಅಮೆರಿಕದ ಓಹಾಯೊ ರಾಜ್ಯದ ಟೈಟಾನ್ ಸಂಸ್ಥೆಯ ಟಿ-51, ಮಸ್ಟಾಂಗಿನ ಮುಕ್ಕಾಲು ಅಳತೆಯ ಪ್ರತಿಕೃತಿ. ಅಳತೆ ತಗ್ಗಿಸುವುದರ ಹಿಂದೆ ಸ್ಪಷ್ಟ ಲೆಕ್ಕಾಚಾರವಿದೆ. ಉದ್ದವನ್ನು ಮುಕ್ಕಾಲಿಗೆ ಇಳಿಸಿದರೆ ಮೇಲ್ಮೈ ಶೇ. 56ಕ್ಕೂ ಗಾತ್ರ ಶೇ. 42ಕ್ಕೂ ಇಳಿಯುತ್ತದೆ. ಮೂಲ ವಿಮಾನಕ್ಕೆ 27 ಲೀಟರಿನ, ಸಾವಿರಕ್ಕೂ ಹೆಚ್ಚು ಅಶ್ವಶಕ್ತಿಯ ಮರ್ಲಿನ್ ಎಂಜಿನ್ ಬೇಕಾಗಿದ್ದರೆ, ಟಿ-51ಕ್ಕೆ 100 ಅಶ್ವಶಕ್ತಿಯ ರೋಟ್ಯಾಕ್ಸ್ ಎಂಜಿನ್ ಸಹ ಸಾಕಾಗುತ್ತದೆ. ಆದರೆ ಹಾರಿಸುವ ಮನುಷ್ಯನ ಅಳತೆಯನ್ನು ತಗ್ಗಿಸಲಾಗದು. ಆದ್ದರಿಂದಲೇ ಇಂತಹ ಪ್ರತಿಕೃತಿಗಳಲ್ಲಿ ಚಾಲಕನ ಕೋಣೆ ಮೂಲಕ್ಕಿಂತ ಎದ್ದು ಕಾಣುತ್ತದೆ.

ಶೇ. 51ರ ನಿಯಮ

ಈ ಉದ್ಯಮದ ಬುನಾದಿ ಕಾನೂನಿನಲ್ಲಿದೆ. ಅಮೆರಿಕದ ವಿಮಾನಯಾನ ಆಡಳಿತದ ನಿಯಮದಂತೆ, ನಿರ್ಮಾಣದ ಬಹುಭಾಗವನ್ನು ಹವ್ಯಾಸಿಗಳು ಕಲಿಕೆಗಾಗಿ ಇಲ್ಲವೇ ಮನರಂಜನೆಗಾಗಿ ತಾವೇ ಮಾಡಿದ್ದರೆ ಮಾತ್ರ ವಿಮಾನಕ್ಕೆ ಪ್ರಾಯೋಗಿಕ ವರ್ಗದ ಈ ಪರವಾನಗಿ ದೊರೆಯುತ್ತದೆ. ಆಗ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನೇ ತಯಾರಕ. ಕಾರ್ಖಾನೆಯ ವಿಮಾನಗಳಿಗೆ ಅಗತ್ಯವಾದ ದುಬಾರಿ ಪ್ರಮಾಣೀಕರಣದಿಂದ ಕಿಟ್ ಸಂಸ್ಥೆ ಪಾರಾಗುತ್ತದೆ. ಅದಕ್ಕೆ ಪ್ರತಿಯಾಗಿ, ಇಂತಹ ವಿಮಾನದಲ್ಲಿ ಬಾಡಿಗೆಗೆ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ. ಮೊದಲ 25ರಿಂದ 40 ಗಂಟೆಗಳ ಪರೀಕ್ಷಾರ್ಥ ಹಾರಾಟವನ್ನು ನಿಗದಿತ ಪ್ರದೇಶದಲ್ಲಿಯೇ ಪೂರೈಸುವುದು ರೂಢಿ.

ಗ್ರಾಹಕನಿಗೆ ಬೇಕಾದುದು ವಿಮಾನ. ಸಾವಿರಾರು ಗಂಟೆಗಳ ದುಡಿಮೆಯಲ್ಲ. ಹೀಗಾಗಿ ಅರ್ಧ ಸಿದ್ಧಗೊಂಡ ಕಿಟ್‌ಗಳೂ ಕೂಲಿಗೆ ಕಟ್ಟಿಕೊಡುವವರೂ ಮಾರುಕಟ್ಟೆಗೆ ಬಂದರು. ಕೊನೆಗೆ 2008ರಲ್ಲಿ ಆಡಳಿತವು ಹೊಸ ಕಿಟ್‌ಗಳ ಮೌಲ್ಯಮಾಪನವನ್ನೇ ತಡೆಹಿಡಿದು, 2009ರಲ್ಲಿ ಪರಿಷ್ಕೃತ ನೀತಿಯನ್ನು ಪ್ರಕಟಿಸಿತು.

ಮುಂಗಡ ಹಣದ ಹೊಣೆ

ಕಿಟ್ ವ್ಯವಹಾರವು ಬಹುಪಾಲು ಮುಂಗಡ ಹಣವನ್ನೇ ಅವಲಂಬಿಸಿದೆ. ಖರೀದಿಯಿಂದ ಹಾರಾಟದವರೆಗೆ ಹಲವು ವರ್ಷಗಳೇ ಉರುಳಬಹುದು. ಅಷ್ಟರಲ್ಲಿ ಸಂಸ್ಥೆ ಮುಗ್ಗರಿಸಿದರೆ ಗ್ರಾಹಕನ ಪಾಡೇನು? ಯುದ್ಧವಿಮಾನಗಳ ಪ್ರತಿಕೃತಿಗಳನ್ನು ಮಾಡದಿದ್ದರೂ ಕಿಟ್ ವಿಮಾನಗಳಲ್ಲಿ ಅಗ್ರಗಣ್ಯವಾದ ಆರೆಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಅನುಭವ ಇಲ್ಲಿ ಬೋಧಪ್ರದ. ಅದರ ಕಿಟ್‌ಗಳಿಂದ 10,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಆದರೂ ಲೇಸರ್‌ನಿಂದ ಕತ್ತರಿಸಿದ ಬಿಡಿಭಾಗಗಳ ರಂಧ್ರಗಳಲ್ಲಿ ಬಿರುಕು ಕಾಣಿಸಿಕೊಂಡು, ಬದಲಿ ಭಾಗಗಳ ವೆಚ್ಚವೂ ಸೇರಿದಂತೆ ಹಲವು ಹೊರೆಗಳು ಕೂಡಿಬಂದಾಗ, 2023ರ ಡಿಸೆಂಬರಿನಲ್ಲಿ ಅದು ನ್ಯಾಯಾಲಯದ ಮೂಲಕ ದಿವಾಳಿ ರಕ್ಷಣೆಯನ್ನು ಕೋರಬೇಕಾಯಿತು. ಹಳೆಯ ಬೆಲೆಗೆ ಮುಂಗಡ ತೆತ್ತಿದ್ದವರು ಹೆಚ್ಚಿನ ಬೆಲೆಗೆ ಒಪ್ಪಬೇಕಾಯಿತು. 2024ರಲ್ಲಿ ಸಂಸ್ಥೆ ಚೇತರಿಸಿಕೊಂಡಿತು. ಇಷ್ಟು ದೊಡ್ಡ ಸಂಸ್ಥೆಯೇ ಹೀಗೆ ತತ್ತರಿಸುವುದಾದರೆ, ಕೈಬೆರಳೆಣಿಕೆಯ ಗ್ರಾಹಕರನ್ನೇ ನೆಚ್ಚಿರುವ ಪ್ರತಿಕೃತಿ ತಯಾರಕರ ಸ್ಥಿತಿ ಇನ್ನಷ್ಟು ಸೂಕ್ಷ್ಮವೆಂಬುದು ಸ್ವಯಂವೇದ್ಯ.

ಕಿಟ್ ಮಾರುವವನು ವಾಸ್ತವವಾಗಿ ಮಾರುವುದು ಅಲ್ಯೂಮಿನಿಯಂ ಹಾಳೆಗಳನ್ನಲ್ಲ, ಮುಂದಿನ ಹಲವು ವರ್ಷಗಳ ಭರವಸೆಯನ್ನು. ಕಾನೂನು ಗ್ರಾಹಕನನ್ನು ತಯಾರಕನೆಂದು ಕರೆದರೂ, ರಂಧ್ರವೊಂದು ಬಿರುಕು ಬಿಟ್ಟ ದಿನ ಆತ ನೋಡುವುದು ಮಾರಿದವನ ಮುಖವನ್ನೇ. ಮುಂಗಡ ಹಣವನ್ನು ಲಾಭವೆಂದು ಬಗೆಯದೆ ಸಾಲವೆಂದು ಕಾಣುವುದು, ಬಿಡಿಭಾಗಗಳ ಗುಣಮಟ್ಟವನ್ನು ರವಾನೆಗೆ ಮುನ್ನವೇ ಖಚಿತಪಡಿಸಿಕೊಳ್ಳುವುದು ಇಂತಹ ಉದ್ಯಮದ ಉಳಿವಿಗೆ ಅನಿವಾರ್ಯ. ಮುಂಗಡ ಪಡೆದು ನಿಧಾನವಾಗಿ ಪೂರೈಸುವ ಯಾವುದೇ ವ್ಯವಹಾರಕ್ಕೂ ಈ ಮಾತು ಅನ್ವಯಿಸುತ್ತದೆ.