ಸೈನ್ಯಕ್ಕೆ ಸೇರಿದ ಮಗ: "ಚೆನ್ನಾಗಿದ್ದೀನಮ್ಮ" ಎಂದರೆ ಸಾಕೇ?

ಪೀಣ್ಯದ ಕಾರ್ಖಾನೆಗಳಿಗೆ ಸಮೀಪದಲ್ಲೇ ಜಾಲಹಳ್ಳಿಯ ವಾಯುಪಡೆ ನೆಲೆಯಿದೆ. ದೂರದ ಊರುಗಳ ಯುವಕರು ಅಲ್ಲಿಗೆ ಬಂದರೆ, ಪೀಣ್ಯ, ದಾಸರಹಳ್ಳಿಯ ಹುಡುಗರು ಬೆಳಗಾವಿಗೋ ಉತ್ತರ ಭಾರತಕ್ಕೋ ತರಬೇತಿಗೆಂದು ಹೊರಡುತ್ತಾರೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷಕ್ಕೇ ಸೇರಬಹುದು. ನಿನ್ನೆಯವರೆಗೆ ಅಮ್ಮ ಎಬ್ಬಿಸಿದರೆ ಏಳುತ್ತಿದ್ದ ಹುಡುಗ ಇಂದು ನಸುಕಿಗೇ ಮೈದಾನದಲ್ಲಿರಬೇಕು. ಫೋನ್ ಮಾಡಿದಾಗ ಮಾತ್ರ "ಚೆನ್ನಾಗಿದ್ದೀನಮ್ಮ" ಎನ್ನುತ್ತಾನೆ.

ಮನೆಯ ಹಂಬಲ ರೋಗವೇ?

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಮನೆಯ ಹಂಬಲಕ್ಕೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟು, ಅದನ್ನು ಕಾಯಿಲೆ ಎಂದೇ ಬಣ್ಣಿಸಿದ. ಪರದೇಶಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರ ಕಾಯಿಲೆ ಎಂದು ಅದು ಬಹುಕಾಲ ಹೆಸರಾಗಿತ್ತು. ಇಂದು ವೈದ್ಯರು ಇದನ್ನು ರೋಗ ಎನ್ನುವುದಿಲ್ಲ. ಮೊದಲ ಕೆಲವು ವಾರ ಊಟ ಸೇರದಿರುವುದು, ನಿದ್ದೆ ಕೆಡುವುದು, ರಾತ್ರಿ ಅಳು ಬರುವುದು ಸಹಜ. ಗೆಳೆಯರಾದಂತೆ, ದಿನಚರಿ ಮೈಗೂಡಿದಂತೆ ಹೆಚ್ಚಿನವರಲ್ಲಿ ಇದು ತಾನಾಗಿಯೇ ಇಳಿಯುತ್ತದೆ.

ಮುಚ್ಚಿಡುವ ನೋವು

ನಿಜವಾದ ಅಪಾಯ ಬೇರೆಡೆ ಇದೆ. ನೋವು ಹೇಳಿಕೊಂಡರೆ ತರಬೇತಿಯಲ್ಲಿ ಹಿಂದೆ ಬೀಳುತ್ತೇನೆಂಬ ಹೆದರಿಕೆಯಿಂದ ಅನೇಕರು ಅದನ್ನು ನುಂಗಿಕೊಳ್ಳುತ್ತಾರೆ. ಭಾರ ಹೊತ್ತು ದಿನವೂ ನಡೆದು, ಓಡಿ, ಪಾದ ಅಥವಾ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಬಹುದು. 1855ರಲ್ಲೇ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹಾಪ್ಟ್ ಸೈನಿಕರ ಪಾದಗಳಲ್ಲಿ ಈ ನೋವು, ಬಾವುಗಳನ್ನು ಗುರುತಿಸಿದ್ದ. ಒಂದೇ ಜಾಗದಲ್ಲಿ ನೋವು, ಓಡಿದರೆ ಹೆಚ್ಚು, ಕೂತರೆ ಕಡಿಮೆ: ಇದು ಅದರ ಲಕ್ಷಣ. ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬೇಗ ತೋರಿಸಿದರೆ ಕೆಲವು ವಾರಗಳ ವಿಶ್ರಾಂತಿಯಿಂದ ವಾಸಿಯಾಗುತ್ತದೆ. ಸಹಿಸಿಕೊಂಡು ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ಸೈನ್ಯಕ್ಕೆ ಸೇರುವ ಹೆಣ್ಣುಮಕ್ಕಳಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು.

ಬಿಸಿಲೂ ಅಷ್ಟೆ. ಬೆಂಗಳೂರಿನ ತಂಪಿಗೆ ಒಗ್ಗಿದ ಮೈ ಉತ್ತರದ ಸೆಕೆಗೆ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕು. ಬಿಸಿಲಿನಲ್ಲಿ ತಲೆ ಸುತ್ತು, ವಾಂತಿ ಕಾಣಿಸಿದರೆ ತಕ್ಷಣ ಹೇಳಬೇಕು. ಮಾತು ತಡವರಿಸಿದರೆ, ಗೊಂದಲ ಕಂಡರೆ ಅದು ಜೀವಕ್ಕೇ ಅಪಾಯ.

ನೀವು ಏನು ಮಾಡಬಹುದು?

* ಹೊರಡುವ ಮುನ್ನ ಕೆಲವು ತಿಂಗಳು ನಡಿಗೆ, ಓಟವನ್ನು ನಿಧಾನವಾಗಿ ಹೆಚ್ಚಿಸಲಿ. ರಾಗಿ, ಹಾಲು, ಮೊಸರು ಊಟದಲ್ಲಿರಲಿ.

* "ಹೇಗಿದ್ದೀಯಪ್ಪ?" ಎಂದಷ್ಟೇ ಕೇಳಬೇಡಿ. "ರಾತ್ರಿ ನಿದ್ದೆ ಬಂತಾ? ಕಾಲು ನೋವಿದೆಯಾ? ಪಕ್ಕದ ಹಾಸಿಗೆಯವನು ಯಾವ ಊರು?" ಎಂದು ಕೇಳಿ.

* "ನೋವಿದ್ದರೆ ಡಾಕ್ಟರಿಗೆ ತೋರಿಸು, ಅದು ಹೇಡಿತನವಲ್ಲ" ಎಂದು ನೀವೇ ಹೇಳಿ. ಅಪ್ಪನ ಬಾಯಿಂದ ಬಂದರೆ ಈ ಮಾತಿನ ತೂಕವೇ ಬೇರೆ.

* ಮನೆಯ ಸಾಲದ ಚಿಂತೆಯನ್ನು ಪ್ರತಿ ಕರೆಯಲ್ಲೂ ಹೇಳಬೇಡಿ. ಆದರೆ ಅಜ್ಜಿ ಆಸ್ಪತ್ರೆ ಸೇರಿದ ಸುದ್ದಿಯನ್ನು ಮುಚ್ಚಿಡಲೂಬೇಡಿ. ಬೇರೆಯವರಿಂದ ತಿಳಿದರೆ ಮುಂದೆ ನಿಮ್ಮ ಮಾತನ್ನೇ ನಂಬಲಾರ.

* ತರಬೇತಿಯಲ್ಲಿ ಫೋನಿಗೆ ಮಿತಿಯಿರುತ್ತದೆ. ಒಂದು ಕರೆ ತಪ್ಪಿದರೆ ಗಾಬರಿಯಾಗಬೇಡಿ.

* ರಜೆಗೆ ಬಂದಾಗ ಮೊದಲೆರಡು ದಿನ ನೆಂಟರ ಮನೆಗೆಲ್ಲ ಸುತ್ತಿಸಬೇಡಿ, ಮಲಗಲು ಬಿಡಿ.

ಯಾವಾಗ ಎಚ್ಚರ?

ವಾರಗಳು ಕಳೆದರೂ ನಿದ್ದೆ, ಊಟ ಸುಧಾರಿಸದಿದ್ದರೆ, ಯಾರೊಡನೆಯೂ ಬೆರೆಯದಿದ್ದರೆ ಸೇನಾ ವೈದ್ಯರನ್ನು ಕಾಣಲು ಹೇಳಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಕಾಯಬೇಡಿ, ಆ ಕ್ಷಣವೇ ಘಟಕದ ಅಧಿಕಾರಿಗಳಿಗೆ ತಿಳಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ಮಗನಷ್ಟೇ ಅಲ್ಲ, ಮನೆಯಲ್ಲಿ ನಿದ್ದೆಗೆಟ್ಟ ತಾಯಿಯೂ ಈ ಸಂಖ್ಯೆಗೆ ಕರೆ ಮಾಡಬಹುದು.