ಬೆನ್ನುಹುರಿಯೂ ಧನುರ್ವಾಯುವೂ

ಬಲಗೈಯನ್ನು ಮಡಿಸಿ, ಎಡಗೈಯಿಂದ ಅದರ ತೋಳನ್ನು ಮುಟ್ಟಿ ನೋಡಿರಿ. ಮುಂದಿನ ಸ್ನಾಯು ಗಟ್ಟಿಯಾಗಿದೆ, ಹಿಂದಿನದು ಸಡಿಲವಾಗಿದೆ. ರೇಡಿಯೋದ ಗುಂಡಿಗೆ ಕೈಚಾಚುವಷ್ಟು ಸಣ್ಣ ಕೆಲಸಕ್ಕೂ ಒಂದು ಸ್ನಾಯು ಎಳೆಯಬೇಕು, ಅದರ ಎದುರಾಳಿ ಬಿಟ್ಟುಕೊಡಬೇಕು. ಆಶ್ಚರ್ಯವೆಂದರೆ, ಈ ಸ್ನಾಯುಗಳಿಗೆ ‘ಎಳೆ’ ಎನ್ನುವ ನರವುಂಟು. ‘ಬಿಡು’ ಎನ್ನುವ ನರವೇ ಇಲ್ಲ.

ಎಳೆಯೆಂಬ ಅಪ್ಪಣೆ ಹೊರಡುವುದು ಬೆನ್ನುಹುರಿಯ ಬೂದುಬಣ್ಣದ ಒಳಭಾಗದಲ್ಲಿರುವ ಚಾಲಕ ನರಕೋಶಗಳಿಂದ. ಅಲ್ಲಿಂದ ಪಾದದವರೆಗೆ ಇಳಿಯುವ ಒಂದೊಂದು ತಂತುವೂ ಸುಮಾರು 1 ಮೀಟರು ಉದ್ದ. ಅದರ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸ್ರವಿಸಿದೊಡನೆ ಸ್ನಾಯು ಸಂಕೋಚಗೊಳ್ಳುತ್ತದೆ. ಹಾಗಾದರೆ ಸಡಿಲಿಸುವ ಬಗೆ? ಚಾಲಕ ಕೋಶದ ಬಾಯನ್ನೇ ಮುಚ್ಚಿಸಬೇಕು. ಅದರ ನೆರೆಯಲ್ಲಿರುವ ಚಿಕ್ಕ ನರಕೋಶಗಳು ಗ್ಲೈಸೀನ್, ಗಾಬಾ ಎಂಬ ದ್ರವ್ಯಗಳನ್ನು ಅದರ ಮೇಲೆ ಸುರಿಸಿ ಈ ಕೆಲಸ ಮಾಡುತ್ತವೆ. ಅವುಗಳನ್ನು ತಡೆಗೋಶಗಳೆನ್ನೋಣ.

ನರಕೋಶಗಳು ಪರಸ್ಪರ ಮಾತಾಡುವುದು ರಾಸಾಯನಿಕದಿಂದಲ್ಲ, ವಿದ್ಯುತ್ತಿನಿಂದಲೇ ಎಂದು ಆಸ್ಟ್ರೇಲಿಯದ ಜಾನ್ ಎಕಲ್ಸ್ ಬಹುಕಾಲ ವಾದಿಸಿದ್ದರು. 1951ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ, ಬೆಕ್ಕಿನ ಬೆನ್ನುಹುರಿಯ ಚಾಲಕ ಕೋಶದೊಳಕ್ಕೆ ಕೂದಲಿಗಿಂತ ಸೂಕ್ಷ್ಮವಾದ ಗಾಜಿನ ಕೊಳವೆಯನ್ನು ತೂರಿಸಿ ಅಳೆದಾಗ, ಫಲಿತಾಂಶ ಅವರ ವಾದಕ್ಕೆ ತೀರ ವಿರುದ್ಧವಾಗಿ ಬಂತು. ಅವರು ವಾದವನ್ನು ಕೈಬಿಟ್ಟು ಎದುರು ಪಕ್ಷವನ್ನು ಸೇರಿದರು. 1963ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ವ್ಯಾಕರಣದ ವಾಗ್ವಾದಗಳಲ್ಲಿ ಇಂಥ ಔದಾರ್ಯವನ್ನು ನಾನು ಕಂಡದ್ದು ಕಡಮೆ.

ಈಗ ಧನುರ್ವಾಯುವಿಗೆ ಬರೋಣ. ಧನುಸ್ಸೆಂದರೆ ಬಿಲ್ಲು. ರೋಗಿಯ ದೇಹ ಬಿಲ್ಲಿನಂತೆ ಹಿಂದಕ್ಕೆ ಬಾಗುವುದರಿಂದ ಆ ಹೆಸರು. ಹೆಸರಿನ ಪೂರ್ವಾರ್ಧ ಸರಿ, ಉತ್ತರಾರ್ಧ ಸಲ್ಲದು. ಇದು ವಾಯುವಿನ ದೋಷವಲ್ಲ, ಮಣ್ಣುಗೊಬ್ಬರಗಳಲ್ಲಿರುವ ಒಂದು ಬ್ಯಾಕ್ಟೀರಿಯದ ವಿಷ. ವಾಯುವಿದ್ದಲ್ಲಿ ಅದು ಬೆಳೆಯುವುದೇ ಇಲ್ಲ! ಮುಳ್ಳೋ ಮೊಳೆಯೋ ಮಾಡಿದ ಆಳವಾದ ಗಾಯ ಅದಕ್ಕೆ ಪ್ರಿಯ. ಅಲ್ಲಿ ಹುಟ್ಟಿದ ವಿಷ ಚಾಲಕ ನರದ ತುದಿಯನ್ನು ಹೊಕ್ಕು, ಅಪ್ಪಣೆ ಇಳಿದು ಬಂದ ದಾರಿಯಲ್ಲೇ ಮೇಲಕ್ಕೇರಿ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿಂದ ತಡೆಗೋಶಗಳಿಗೆ ದಾಟಿ, ಗ್ಲೈಸೀನನ್ನೂ ಗಾಬಾವನ್ನೂ ಹೊರಗೆಡಹಲು ಬೇಕಾದ ಒಂದು ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಇದು ಪತ್ತೆಯಾದದ್ದು 1992ರಲ್ಲಿ. ತಡೆಯುವವರಿಲ್ಲದೆ ಚಾಲಕ ಕೋಶಗಳೆಲ್ಲ ಒಟ್ಟಿಗೆ ‘ಎಳೆ, ಎಳೆ’ ಎನ್ನತೊಡಗುತ್ತವೆ. ಸಾಮಾನ್ಯವಾಗಿ ಮೊದಲು ದವಡೆ ಕಚ್ಚಿಕೊಳ್ಳುತ್ತದೆ. ಬೆನ್ನಿನ ಸ್ನಾಯುಗಳು ಬಲವಾದವು, ಅವೇ ಗೆದ್ದು ದೇಹವನ್ನು ಬಾಗಿಸುತ್ತವೆ. ಇಷ್ಟಾದರೂ ರೋಗಿಗೆ ಸ್ಮೃತಿ ತಪ್ಪುವುದಿಲ್ಲ. ನೋವೆಲ್ಲ ಅರಿವಿಗೆ ಬರುತ್ತಲೇ ಇರುತ್ತದೆ.

ನಮ್ಮ ಕಾಡುಗಳ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷವೂ ಇಂಥದೇ ಸೆಳೆತವನ್ನು ತರುತ್ತದೆ, ಆದರೆ ಬೇರೆ ಬಾಗಿಲಿನಿಂದ. ಅಲ್ಲಿ ಗ್ಲೈಸೀನ್ ಸುರಿಯುತ್ತದೆ. ಅದನ್ನು ಸ್ವೀಕರಿಸುವ ಸ್ಥಾನವನ್ನು ಸ್ಟ್ರಿಕ್ನಿನ್ ಆಕ್ರಮಿಸಿರುತ್ತದೆ.

ನರದೊಳಗೆ ಸೇರಿದ ಧನುರ್ವಾಯುವಿನ ವಿಷವನ್ನು ಯಾವ ಔಷಧವೂ ಹಿಂದಕ್ಕೆ ಕರೆಯಲಾರದು. ಚೇತರಿಕೆಗೆ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಗಾಯವನ್ನು ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿರಿ. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಹಾಕುವ ಚುಚ್ಚುಮದ್ದನ್ನು ತಪ್ಪಿಸಬೇಡಿರಿ. ಗರ್ಭಿಣಿಯರಿಗೆ ಕೊಡುವ ಚುಚ್ಚುಮದ್ದಿನಿಂದಲೂ ಶುಚಿಯಾದ ಹೆರಿಗೆಯಿಂದಲೂ ಬಾಣಂತಿ-ಶಿಶುಗಳ ಧನುರ್ವಾಯುವನ್ನು ಭಾರತವು ನಿರ್ಮೂಲನದ ಮಟ್ಟಕ್ಕೆ ತಂದಿತೆಂದು 2015ರಲ್ಲಿ ದೃಢಪಟ್ಟಿತು. ಒಮ್ಮೆ ಈ ರೋಗ ಬಂದು ಬದುಕಿದವರೂ ಚುಚ್ಚುಮದ್ದು ಹಾಕಿಸಿಕೊಳ್ಳಲೇಬೇಕು. ಕೊಲ್ಲಲು ಸಾಕಾಗುವ ವಿಷದ ಪ್ರಮಾಣ, ದೇಹಕ್ಕೆ ರೋಗನಿರೋಧವನ್ನು ಕಲಿಸಲು ಸಾಲದಷ್ಟು ಅತ್ಯಲ್ಪ.